ಬಿಪಿ ಅಳೆದು ಕಳಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನ ಹತ್ತಿರ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಉಚಿತ ತಪಾಸಣಾ ಶಿಬಿರಗಳ ಸುದ್ದಿ ಸಾಲುಗಟ್ಟುತ್ತದೆ. ದೀಪ ಬೆಳಗುವ ಫೋಟೊ, ಬೆಂಚಿನ ಮೇಲೆ ಕೂತವರ ತೋಳಿಗೆ ಪಟ್ಟಿ, ಕೊನೆಯಲ್ಲಿ ಇಷ್ಟು ಜನ ಪ್ರಯೋಜನ ಪಡೆದರು ಎಂಬ ಅಂಕಿ. ಅವರಲ್ಲಿ ಬಿಪಿ ಹೆಚ್ಚಿದ್ದವರು ಎಷ್ಟು ಮಂದಿ, ಗುಳಿಗೆ ಶುರು ಮಾಡಿದವರು ಎಷ್ಟು, ಆರು ತಿಂಗಳ ಮೇಲೆ ಯಾರ ಬಿಪಿ ಹತೋಟಿಯಲ್ಲಿದೆ ಎಂಬುದು ಯಾವ ಸುದ್ದಿಯಲ್ಲೂ ಇರುವುದಿಲ್ಲ. ಕೇಳಿದರೆ ಆಯೋಜಕರ ಹತ್ತಿರವೂ ಇರುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲ್ಲೂಕುಗಳಲ್ಲಿ ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕೇರಿಗಳನ್ನು ಮುಂದಿಟ್ಟುಕೊಂಡು ಈ ಮಾತು ಬರೆಯುತ್ತಿದ್ದೇವೆ. ಶಿಬಿರದಿಂದ ಆಗದ ಕೆಲಸ ಯಾವುದರಿಂದ ಆಗುತ್ತದೆ ಎಂಬುದನ್ನು ಅಮೆರಿಕದ ಆಫ್ರಿಕನ್ ಅಮೆರಿಕನ್ನರ ನಡುವೆ ಈಗಾಗಲೇ ಅಳೆದು ನೋಡಿದ್ದಾರೆ.

ಅಲ್ಲಿ ಕಪ್ಪು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಧಿಕ ರಕ್ತದೊತ್ತಡ. ಗಂಡಸರು ಆಸ್ಪತ್ರೆ ಮೆಟ್ಟಿಲು ಹತ್ತುವುದು ಕಡಿಮೆ, ಕ್ಷೌರದಂಗಡಿಗೆ ಮಾತ್ರ ತಪ್ಪದೆ ಹೋಗುತ್ತಾರೆ. ಹಾಗಾಗಿ ಟೆಕ್ಸಾಸಿನ ಡಲ್ಲಾಸ್ ಪ್ರದೇಶದ 17 ಕ್ಷೌರದಂಗಡಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಕ್ಷೌರಿಕರೇ ಬಿಪಿ ನೋಡಿ, ಹೆಚ್ಚಿದ್ದರೆ ಡಾಕ್ಟರ ಹತ್ತಿರ ಹೋಗಿ ಎಂದು ಒತ್ತಾಯಿಸುವುದು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಲಾಭ ಆಗಿತ್ತು, ಆದರೆ ಅಲ್ಪ. ಬಿಪಿ ಹತೋಟಿಗೆ ಬಂದವರ ಪ್ರಮಾಣ ಬರೀ ಕರಪತ್ರ ಕೊಟ್ಟ ಅಂಗಡಿಗಳಿಗಿಂತ 9 ಪ್ರತಿಶತದ ಆಸುಪಾಸು ಹೆಚ್ಚು, ಅಷ್ಟೇ.

ಆ ಪ್ರಯೋಗ ನಡೆಸಿದ ಹೃದ್ರೋಗ ತಜ್ಞ ರೊನಾಲ್ಡ್ ವಿಕ್ಟರ್ ನೇತೃತ್ವದಲ್ಲೇ ಎರಡನೇ ಸಲ ಲಾಸ್ ಏಂಜಲೀಸಿನಲ್ಲಿ 52 ಅಂಗಡಿಗಳು, 319 ಗಂಡಸರು. ಎಲ್ಲರೂ ಆಯಾ ಅಂಗಡಿಯ ಕಾಯಂ ಗಿರಾಕಿಗಳು, ಎಲ್ಲರ ‘ಮೇಲಿನ ಬಿಪಿ’ (ಬಿಪಿಯ ಎರಡು ಅಂಕಿಗಳಲ್ಲಿ ಮೊದಲನೆಯದು) 140 ಅಥವಾ ಹೆಚ್ಚು. ಅರ್ಧ ಅಂಗಡಿಗಳಲ್ಲಿ ಹಳೆಯ ಕ್ರಮ: ಕ್ಷೌರಿಕನ ಬುದ್ಧಿಮಾತು, ಡಾಕ್ಟರ ಹತ್ತಿರ ಹೋಗಿ ಎಂಬ ಸಲಹೆ. ಉಳಿದರ್ಧದಲ್ಲಿ ತರಬೇತಿ ಪಡೆದ ಫಾರ್ಮಸಿಸ್ಟ್ ಅಂಗಡಿಗೇ ಬಂದು, ವೈದ್ಯರ ಜೊತೆಗಿನ ಲಿಖಿತ ಒಪ್ಪಂದದ ಮೇರೆಗೆ ಅಲ್ಲೇ ಮಾತ್ರೆ ಶುರು ಮಾಡಿ, ತಿಂಗಳು ತಿಂಗಳು ಪ್ರಮಾಣ ಏರಿಸಿದರು. ರಕ್ತದ ಸೋಡಿಯಂ, ಪೊಟ್ಯಾಸಿಯಂ ನೋಡುವ ಪುಟ್ಟ ಯಂತ್ರವನ್ನೂ ಅಂಗಡಿಗೇ ತಂದರು. 2018ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ. ಆರು ತಿಂಗಳಲ್ಲಿ ಸಲಹೆಯ ಗುಂಪಿನಲ್ಲಿ ಮೇಲಿನ ಬಿಪಿ ಸರಾಸರಿ 9.3 ಇಳಿಯಿತು, ಫಾರ್ಮಸಿಸ್ಟ್ ಬಂದ ಗುಂಪಿನಲ್ಲಿ 27. ಅಂದರೆ 153ರ ಆಸುಪಾಸಿದ್ದ ಸರಾಸರಿ 126ಕ್ಕೆ ಬಂತು. 130/80ರ ಕೆಳಗೆ ತಲುಪಿದವರು ಒಂದು ಕಡೆ 11.7 ಪ್ರತಿಶತ, ಇನ್ನೊಂದು ಕಡೆ 63.6 ಪ್ರತಿಶತ. ವರ್ಷ ಕಳೆದ ಮೇಲೂ ಆ ಅಂತರ ಉಳಿದಿತ್ತು.

ಕ್ಷೌರಿಕ ಎರಡೂ ಕಡೆ ಇದ್ದ. ಆತ್ಮೀಯತೆ, ಹರಟೆ, ತಿಳಿವಳಿಕೆ ಎಲ್ಲ ಎರಡೂ ಕಡೆ ಇತ್ತು. ಔಷಧ ಕೊಡುವ ಅಧಿಕಾರ ಇದ್ದವರು ಅದೇ ಕುರ್ಚಿಯ ಪಕ್ಕಕ್ಕೆ ಬಂದರೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ. ನಮ್ಮ ಶಿಬಿರಗಳು ಆ 9.3ರ ಗುಂಪಿನಷ್ಟೂ ಇಲ್ಲ, ಏಕೆಂದರೆ ಅಲ್ಲಿ ಸಲಹೆ ಕೊಟ್ಟವನು ಮುಂದಿನ ತಿಂಗಳೂ ಸಿಗುತ್ತಿದ್ದ. ಇಲ್ಲಿ ಶಾಮಿಯಾನ ಬಿಚ್ಚಿದ ಮೇಲೆ ಯಾರೂ ಸಿಗುವುದಿಲ್ಲ. ಮೇಲಿನ ಬಿಪಿ 10 ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಸೇರಿದ ದೊಡ್ಡ ಅವಘಡಗಳು ಐದರಲ್ಲೊಂದು ಪಾಲು ತಗ್ಗುತ್ತವೆ, ಪಾರ್ಶ್ವವಾಯುವೊಂದನ್ನೇ ನೋಡಿದರೆ ಕಾಲು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ. 9 ಇಳಿಸುವುದಕ್ಕೂ 27 ಇಳಿಸುವುದಕ್ಕೂ ಎಷ್ಟು ಅಜಗಜಾಂತರ ಎಂದು ಇದರಿಂದ ತಿಳಿಯಬಹುದು.

ಇಲ್ಲೊಂದು ಎಚ್ಚರಿಕೆ. ಸಿದ್ದಿಗಳ ಪೂರ್ವಜರು ಆಫ್ರಿಕಾದವರು, ಅವರ ವಂಶವಾಹಿಯಲ್ಲಿ ದೊಡ್ಡ ಪಾಲು ಅಲ್ಲಿಯದು ಎಂದು 2011ರ ಅಧ್ಯಯನ ತೋರಿಸಿದೆ. ಇದನ್ನು ಹಿಡಿದುಕೊಂಡು ಬಿಪಿ ಅವರ ರಕ್ತದಲ್ಲೇ ಇದೆ ಎಂದು ತೀರ್ಮಾನಿಸುವುದು ತಪ್ಪು. 1997ರಲ್ಲಿ ರಿಚರ್ಡ್ ಕೂಪರ್ ಮತ್ತು ಸಂಗಡಿಗರು ಒಂದೇ ಮೂಲದ ಜನರನ್ನು ಮೂರು ಕಡೆ ಒಂದೇ ಕ್ರಮದಲ್ಲಿ ಅಳೆದಾಗ ಅಧಿಕ ರಕ್ತದೊತ್ತಡ ಪಶ್ಚಿಮ ಆಫ್ರಿಕಾದಲ್ಲಿ 16 ಪ್ರತಿಶತ, ಕೆರಿಬಿಯನ್ ದ್ವೀಪಗಳಲ್ಲಿ 26, ಅಮೆರಿಕದಲ್ಲಿ 33 ಪ್ರತಿಶತ ಇತ್ತು. ಮೂಲ ಒಂದೇ ಆದರೂ ಬದುಕಿನ ಪರಿಸ್ಥಿತಿ ಬೇರೆ. ಸಂಬಳ, ಮನೆ, ಊಟ, ಉಪ್ಪು, ಅವಮಾನ, ಆಸ್ಪತ್ರೆ ಎಷ್ಟು ದೂರ ಎಂಬುದೆಲ್ಲ ಸೇರಿ ಆ ಅಂಕಿಯಾಗುತ್ತದೆ. ಇದೇ ಕಾರಣಕ್ಕೆ ನಾವು ಹೇಳುವ ವ್ಯವಸ್ಥೆ ಕುಣಬಿ, ಗೌಳಿ, ಹಾಲಕ್ಕಿ ಕೇರಿಗಳಿಗೂ ಅಷ್ಟೇ ಹೊಂದುತ್ತದೆ. ಸಿದ್ದಿಗಳಿಗೆ ಈ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಕಾಗದದ ಮೇಲೆ ಯೋಜನೆಗಳಿಗೆ ಕೊರತೆ ಇಲ್ಲ.

ನಂಬಿಕೆಯ ಪ್ರಶ್ನೆಯೂ ಇದೆ. ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ, ಪೆನಿಸಿಲಿನ್ ಬಂದ ಮೇಲೂ, ಚಿಕಿತ್ಸೆ ಕೊಡದೆ ರೋಗದ ಗತಿ ನೋಡುತ್ತ ಕೂತಿತ್ತು. ಅಂಥ ಇತಿಹಾಸದ ಮೇಲೆ ಕೆಲಸ ಮಾಡಬೇಕಾದಾಗ ಸಂಶೋಧಕರು ಕ್ರಮ ಬದಲಿಸಿದರು. ಮಿಸಿಸಿಪಿಯ ಜಾಕ್ಸನ್ನಿನಲ್ಲಿ 2000ದಿಂದ 2004ರೊಳಗೆ 5,300ರಷ್ಟು ಆಫ್ರಿಕನ್ ಅಮೆರಿಕನ್ನರನ್ನು ಸೇರಿಸಿಕೊಂಡ ಹೃದಯ ಅಧ್ಯಯನದಲ್ಲಿ ವೈದ್ಯಕೀಯ ಕಾಲೇಜಿನ ಜೊತೆಗೆ ಕಪ್ಪು ಸಮುದಾಯದ ಎರಡು ಹಳೆಯ ವಿದ್ಯಾಸಂಸ್ಥೆಗಳಾದ ಜಾಕ್ಸನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಟೂಗಲೂ ಕಾಲೇಜು ಸಮಪಾಲುದಾರರಾದವು. ಅಲ್ಲಿನ ಹುಡುಗ ಹುಡುಗಿಯರೇ ಸಂಶೋಧನೆಯ ತರಬೇತಿ ಪಡೆದರು. ಮಿನ್ನೆಸೋಟಾದಲ್ಲಿ ಮೇಯೊ ಕ್ಲಿನಿಕ್ ಕಪ್ಪು ಸಮುದಾಯದ ಚರ್ಚುಗಳ ಜೊತೆ ಕೈಜೋಡಿಸಿತು.

ನಮ್ಮಲ್ಲಿ ಚರ್ಚನ್ನೇ ನಕಲು ಮಾಡಲಾಗದು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಒಂದು ಗುಡಿ, ಒಂದು ದರ್ಗಾ, ಒಂದು ಚರ್ಚು ಎಲ್ಲರನ್ನೂ ಸೇರಿಸುವುದಿಲ್ಲ. ಕ್ಷೌರದಂಗಡಿಯೂ ಪೇಟೆಯಲ್ಲಿ. ಎಲ್ಲ ಮನೆಯವರೂ ತಿಂಗಳಿಗೊಮ್ಮೆ ತಪ್ಪದೆ ಬರುವ ಜಾಗ ಒಂದೇ: ನ್ಯಾಯಬೆಲೆ ಅಂಗಡಿ. ಹೆಬ್ಬೆಟ್ಟು ಒತ್ತಲೇಬೇಕು, ಅಕ್ಕಿ ಒಯ್ಯಲೇಬೇಕು. ಬಿಪಿ ಗುಳಿಗೆಯನ್ನೂ 30 ದಿನಕ್ಕೊಮ್ಮೆ ಕೊಡುತ್ತಾರೆ. ಅಕ್ಕಿ, ಗುಳಿಗೆ ಎರಡನ್ನೂ ಒಂದೇ ದಿನಕ್ಕೆ ಹೊಂದಿಸಿದರೆ ಒಂದು ಕೂಲಿ ದಿನ ಉಳಿಯುತ್ತದೆ. ಉಪಕೇಂದ್ರಕ್ಕೆ ಹೋಗಲು ಕೂಲಿ ಬಿಡಬೇಕು ಎಂಬುದೇ ಗುಳಿಗೆ ತಪ್ಪುವುದಕ್ಕೆ ದೊಡ್ಡ ಕಾರಣ. ಮನೆಮನೆಗೆ ಹೋಗುವ ಗೃಹ ಆರೋಗ್ಯ ಒಳ್ಳೆಯದೇ, ಆದರೆ ತಂಡ ಹಗಲಲ್ಲಿ ಬಂದಾಗ ಮನೆಯಲ್ಲಿರುವುದು ಮುದುಕರು, ಮಕ್ಕಳು. ಬೇಕಾದವರು ತೋಟದಲ್ಲಿರುತ್ತಾರೆ.

ರೇಷನ್ ದಿನದ ತೊಂದರೆಗಳೂ ಇವೆ. ಸರ್ವರ್ ಕೈಕೊಟ್ಟ ದಿನ ಜನ ಸಿಟ್ಟಿನಲ್ಲಿರುತ್ತಾರೆ, ಆ ಹೊತ್ತಿನ ಬಿಪಿಗೆ ಅರ್ಥವಿಲ್ಲ. ಸರದಿಯಲ್ಲಿ ಬಹುಪಾಲು ಹೆಂಗಸರು, ಗಂಡಸರು ಕಡಿಮೆ. ಗಂಡಸರಿಗೆ ಬೇರೆ ಹೊತ್ತು, ಬೇರೆ ಜಾಗ ಹುಡುಕಬೇಕು. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲದಲ್ಲಿ, ಅಂದರೆ ಸುಮಾರು ನವೆಂಬರಿನಿಂದ ಫೆಬ್ರವರಿವರೆಗೆ, ಸಂಜೆ ಮೇಲೆ ಅಡಿಕೆ ಸುಲಿಯುವ ಅಂಗಳದಲ್ಲಿ ಹತ್ತಾರು ಜನ ಒಟ್ಟಿಗೆ ಕೂತಿರುತ್ತಾರೆ. ತೋಟದ ಯಜಮಾನರು ಒಂದು ಬಲ್ಬು, ಎರಡು ಕುರ್ಚಿ ಕೊಟ್ಟರೆ ಸಾಕು. ಆದರೆ ಕೂಲಿಯವರ ಬಿಪಿ ಎಷ್ಟೆಂದು ಯಜಮಾನರಿಗೆ ಗೊತ್ತಾಗಕೂಡದು. ಮರ ಹತ್ತುವವನಿಗೆ ಬಿಪಿ ಇದೆ ಎಂದು ತಿಳಿದರೆ ಮರುದಿನ ಅವನನ್ನು ಕೆಲಸಕ್ಕೆ ಕರೆಯುವುದಿಲ್ಲ, ಅವನು ಇನ್ನೆಂದೂ ತೋಳು ಚಾಚುವುದಿಲ್ಲ. ಕರಾವಳಿಯ ಮಾತು ಬೇರೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಿರುವ 61 ದಿನ ಬೈತಖೋಲ, ಬೇಲೆಕೇರಿ, ತದಡಿ ಬಂದರುಗಳಲ್ಲಿ ದೋಣಿಯವರು ದಡದ ಮೇಲಿರುತ್ತಾರೆ. ಗುಳಿಗೆ ಶುರು ಮಾಡಿ, ಪ್ರಮಾಣ ಹೊಂದಿಸಲು ಅಷ್ಟು ಕಾಲ ಸಾಕು.

ಇನ್ನು ಅಳೆಯುವ ಕ್ರಮ. ಇದರಲ್ಲೇ ಅರ್ಧ ಕೆಲಸ ಕೆಡುತ್ತದೆ, ಆದ್ದರಿಂದ ಸ್ವಲ್ಪ ಉದ್ದ ಬರೆಯಬೇಕಾಗಿದೆ. ನಡೆದು ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಅಂಗಡಿಯ ಬೆಂಚಿಗೆ ಬೆನ್ನಾಸರೆ ಇರುವುದಿಲ್ಲ, ಗೋಡೆಗೆ ತಾಗಿಸಿ ಇಟ್ಟರಾಯಿತು. ತೋಳು ಎದೆಯ ಮಟ್ಟಕ್ಕೆ ಬರಬೇಕು. ತೊಡೆಯ ಮೇಲೆ ಇಟ್ಟರೆ ಪ್ರತಿ 10 ಸೆಂಟಿಮೀಟರ್ ಇಳಿತಕ್ಕೆ 8ರಷ್ಟು ಬಿಪಿ ಸುಳ್ಳೇ ಹೆಚ್ಚು ತೋರುತ್ತದೆ. ಅಕ್ಕಿ ಮೂಟೆಯ ಮೇಲೆ ತೋಳಿಟ್ಟರೂ ನಡೆಯುತ್ತದೆ, ಎತ್ತರ ಸರಿ ಇದ್ದರೆ. ಅಳೆಯುವಾಗ ಮಾತು ಬೇಡ. ಮೂತ್ರ ಕಟ್ಟಿಕೊಂಡಿರಬಾರದು. ಅರ್ಧ ಗಂಟೆ ಮೊದಲಿನಿಂದ ಚಹಾ, ಬೀಡಿ, ಕವಳ (ಎಲೆ ಅಡಿಕೆ) ಬೇಡ. ಕವಳದ ಮಾತನ್ನು ಹೊರಗಿನಿಂದ ಬಂದ ತಂಡದವರು ಕೇಳುವುದೇ ಇಲ್ಲ. ಬಾಯಲ್ಲಿ ತಂಬಾಕಿನ ಕವಳ ಇಟ್ಟುಕೊಂಡೇ ತೋಳು ಕೊಟ್ಟವರ ಅಂಕಿ ಏರಿರುತ್ತದೆ, ಏಕೆಂದರೆ ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ.

ಪಟ್ಟಿಯ ಅಳತೆ ಇನ್ನೊಂದು. ಯಂತ್ರದ ಜೊತೆ ಬರುವ ಮಧ್ಯಮ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಕೂಲಿ ಮಾಡುವ ಎಷ್ಟೋ ಹೆಂಗಸರ ತೋಳು ಅದಕ್ಕಿಂತ ಸಣ್ಣ. ಪಟ್ಟಿ ದೊಡ್ಡದಾದರೆ ಬಿಪಿ ಕಡಿಮೆ ತೋರಿಸುತ್ತದೆ, ರೋಗ ಇದ್ದವರನ್ನು ಇಲ್ಲ ಎಂದು ಮನೆಗೆ ಕಳಿಸುತ್ತೇವೆ. ದಪ್ಪ ತೋಳಿಗೆ ಅದೇ ಪಟ್ಟಿ ಚಿಕ್ಕದಾಗಿ ಹೆಚ್ಚು ತೋರಿಸುತ್ತದೆ. ಪ್ರತಿ ಜಾಗಕ್ಕೂ ಸಣ್ಣ, ಮಧ್ಯಮ, ದೊಡ್ಡ ಮೂರು ಪಟ್ಟಿ, ಒಂದು ದರ್ಜಿ ಟೇಪು ಬೇಕು. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಬೇಕು. ಎರಡರ ಸರಾಸರಿ 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ಮತ್ತೆ ನೋಡಿ ಖಚಿತ ಮಾಡಿಕೊಳ್ಳಬೇಕು. 180/110 ದಾಟಿದ್ದರೆ ಅದೇ ದಿನ ವೈದ್ಯರ ಕೈಗೆ ಒಪ್ಪಿಸಬೇಕು. ಜೊತೆಗೆ ಎದೆನೋವು, ಉಬ್ಬಸ, ಮಾತು ತೊದಲುವುದು, ಕೈಕಾಲು ಸೋಲುವುದು ಇದ್ದರೆ 108ಕ್ಕೆ ಕರೆ.

ಔಷಧ ಯಾರು ಕೊಡಬೇಕು? ಅಮೆರಿಕದ ಒಪ್ಪಂದದ ರೀತಿ ಇಲ್ಲಿ ಫಾರ್ಮಸಿಸ್ಟ್ ತಾನಾಗಿ ಔಷಧ ಬರೆಯುವಂತಿಲ್ಲ. ಆದರೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಅವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆ ಇ-ಸಂಜೀವಿನಿ ಮೂಲಕ ಮಾತಾಡುವ ಸೌಲಭ್ಯ ಇದೆ. ವೈದ್ಯರು ಬರೆದ ಗುಳಿಗೆಯನ್ನು ತಿಂಗಳು ತಿಂಗಳು ಅವರೇ ಕೊಡಬಹುದು. ಅಧಿಕಾರಿ ರೇಷನ್ ದಿನ ಅಂಗಡಿ ಜಗುಲಿಗೆ ಬಂದು ಕೂರಬೇಕು, ಇಷ್ಟೇ ನಮ್ಮ ಬೇಡಿಕೆ. ನೆಟ್‌ವರ್ಕ್ ಸಿಗದ ಕಡೆ ಮೊದಲ ತಿಂಗಳು ವೈದ್ಯರೇ ಒಮ್ಮೆ ಖುದ್ದಾಗಿ ಬರಲಿ, ಆಮೇಲಿನ ಏರಿಕೆಗೆ ಬರೆದಿಟ್ಟ ಕ್ರಮ ಇರಲಿ. ದೇಶದ ಸರ್ಕಾರಿ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಕ್ರಮ ಸರಳ: ಮೊದಲು ಅಮ್ಲೋಡಿಪಿನ್ 5 ಮಿಲಿಗ್ರಾಂ. ತಿಂಗಳಲ್ಲಿ ಇಳಿಯದಿದ್ದರೆ ಟೆಲ್ಮಿಸಾರ್ಟನ್ 40 ಸೇರಿಸುವುದು, ಮತ್ತೆ ಪ್ರಮಾಣ ಏರಿಸುವುದು, ಆಮೇಲೆ ಕ್ಲೋರ್ಥಾಲಿಡೋನ್ 12.5. ಗರ್ಭಿಣಿಯರಿಗೆ, ಆಗಬಹುದಾದವರಿಗೆ ಟೆಲ್ಮಿಸಾರ್ಟನ್ ಕೂಡದು. ಎರಡನೇ, ಮೂರನೇ ಔಷಧ ಸೇರಿದಾಗ ರಕ್ತದಲ್ಲಿ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕು. ಅಮೆರಿಕದ ಕಪ್ಪು ರೋಗಿಗಳಿಗೂ ಮೊದಲ ಗುಳಿಗೆಯಾಗಿ ಅಮ್ಲೋಡಿಪಿನ್ ಜಾತಿಯದು ಅಥವಾ ಕ್ಲೋರ್ಥಾಲಿಡೋನ್ ಜಾತಿಯದು ಎಂಬ ಸಲಹೆ ಇದೆ. ಹಾಗಾಗಿ ಸಿದ್ದಿಗಳಿಗೆಂದು ಬೇರೆ ಕ್ರಮ ಹುಡುಕುವ ಗೋಜಿಲ್ಲ.

ಗುಳಿಗೆ ಬಿಡುವುದಕ್ಕೆ ಕಾರಣಗಳು ಮೂರ್ನಾಲ್ಕೇ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಬಾಯುತ್ತದೆ. ಮೊದಲೇ ಹೇಳಿರದಿದ್ದರೆ ಕಿಡ್ನಿ ಹೋಯಿತು ಎಂದು ಹೆದರಿ ನಿಲ್ಲಿಸುತ್ತಾರೆ. ಕ್ಲೋರ್ಥಾಲಿಡೋನ್ ರಾತ್ರಿ ನುಂಗಿದರೆ ನಿದ್ದೆ ಕೆಡುತ್ತದೆ, ಬೆಳಿಗ್ಗೆ ನುಂಗಬೇಕು. ಕಳೆದ ತಿಂಗಳು ಬಿಳಿ ಗುಳಿಗೆ, ಈ ತಿಂಗಳು ಹಳದಿ. ಕಂಪನಿ ಬದಲಾದದ್ದಷ್ಟೇ, ಆದರೆ ಯಾರೂ ಹೇಳಲಿಲ್ಲವೆಂದು ಹಳೆಯದು ಹೊಸದು ಎರಡನ್ನೂ ನುಂಗುವವರು, ಎರಡನ್ನೂ ಬಿಡುವವರು ಇದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ‘ಈಗ ಬಿಪಿ ನಾರ್ಮಲ್ ಅದೆ, ಮತ್ಯಾಕೆ ಗುಳಿಗೆ’ ಎಂಬ ಪ್ರಶ್ನೆ. ಗುಳಿಗೆಯಿಂದಲೇ ನಾರ್ಮಲ್ ಇದೆ ಎಂಬುದನ್ನು ಒಂದು ಸಲ ಹೇಳಿದರೆ ಆಗುವುದಿಲ್ಲ, ಪ್ರತಿ ತಿಂಗಳೂ ಹೇಳಬೇಕು. ಅದನ್ನು ಹೇಳಬೇಕಾದವರು ಅದೇ ಕೇರಿಯ ಒಬ್ಬರು. ಅವರನ್ನು ಕೇರಿಯವರೇ ಆರಿಸಲಿ, ಅವರಿಗೆ ತಿಂಗಳ ಗೌರವಧನ ಸಿಗಲಿ. ಸೇವೆ ಎಂದು ಪುಕ್ಕಟೆ ದುಡಿಸಿಕೊಂಡರೆ ಅದು ಆರು ತಿಂಗಳ ಕೆಲಸ, ಅಷ್ಟರ ಮೇಲೆ ನಡೆಯುವುದಿಲ್ಲ.

ದಾಸ್ತಾನಿನ ಲೆಕ್ಕವೂ ಮುಖ್ಯ. ಒಂದು ಅಂಗಡಿ ವ್ಯಾಪ್ತಿಯಲ್ಲಿ 40 ಜನ ದಿನಕ್ಕೊಂದು ಅಮ್ಲೋಡಿಪಿನ್ ನುಂಗುತ್ತಾರೆ ಎಂದುಕೊಳ್ಳಿ. ತಿಂಗಳಿಗೆ 1,200 ಗುಳಿಗೆ, ಮೂರು ತಿಂಗಳ ಕಾಪು ಇಡಲು 3,600. ಕಳೆದ ವರ್ಷದ ಬಳಕೆ ನೋಡಿ ಬೇಡಿಕೆ ಬರೆದರೆ ಹೊಸದಾಗಿ ಪತ್ತೆಯಾದವರು ಆ ಲೆಕ್ಕದಲ್ಲೇ ಇರುವುದಿಲ್ಲ, ತಪಾಸಣೆ ಚೆನ್ನಾಗಿ ಆದಷ್ಟೂ ಗುಳಿಗೆ ಬೇಗ ಮುಗಿಯುತ್ತದೆ! ಮಳೆಗಾಲಕ್ಕೆ ಬೇರೆ ಏರ್ಪಾಡು ಬೇಕು. ಹಳ್ಳ ತುಂಬಿ ಕಾಲುಸಂಕ ಮುಳುಗುವ ಕೇರಿಗಳಿಗೆ ಮೇ ಕೊನೆಯಲ್ಲೇ 60 ದಿನದ ಗುಳಿಗೆ ಕೊಡಬೇಕು. ಅದೂ ಕಂಪನಿಯ ಸ್ಟ್ರಿಪ್‌ನಲ್ಲೇ. ಬಿಡಿಸಿ ಕಾಗದದ ಪೊಟ್ಟಣದಲ್ಲಿ ಕೊಟ್ಟರೆ ಮಳೆಗಾಲದ ತೇವಕ್ಕೆ ಕೆಡುತ್ತದೆ, ಹೆಸರೂ ಅವಧಿಯೂ ಗೊತ್ತಾಗುವುದಿಲ್ಲ.

ಉಪ್ಪಿನ ವಿಷಯದಲ್ಲಿ ಉಪದೇಶಕ್ಕಿಂತ ಲೆಕ್ಕ ಹೆಚ್ಚು ನಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ಕಿಲೊ ಪ್ಯಾಕೆಟ್ ತಿಂಗಳಿಗೊಂದು ಖಾಲಿಯಾದರೆ ತಲೆಗೆ 8 ಗ್ರಾಂ ದಾಟಿತು, ಒಣಮೀನು, ಉಪ್ಪಿನಕಾಯಿಯದು ಇದರ ಮೇಲೆ. ಗಂಜಿಗೆ ಉಪ್ಪು ಹಾಕಿ, ನಂಜಿಕೊಳ್ಳಲು ಉಪ್ಪಿನಕಾಯಿಯನ್ನೂ ಇಟ್ಟರೆ ಎರಡು ಪಟ್ಟು. ಎರಡರಲ್ಲಿ ಒಂದನ್ನು ಬಿಡಿ ಎಂದರೆ ಜನ ಒಪ್ಪುತ್ತಾರೆ, ಎರಡನ್ನೂ ಬಿಡಿ ಎಂದರೆ ಒಪ್ಪುವುದಿಲ್ಲ. ಒಣಮೀನನ್ನು ಅರ್ಧ ಗಂಟೆ ನೆನೆಸಿ, ಎರಡು ಸಲ ನೀರು ಚೆಲ್ಲಿ, ಸಾರಿಗೆ ಬೇರೆ ಉಪ್ಪು ಹಾಕದಿದ್ದರೆ ರುಚಿಯೂ ಹೋಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಪೊಟ್ಯಾಸಿಯಂ ಉಪ್ಪನ್ನು ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ನುಂಗುವವರು ವೈದ್ಯರನ್ನು ಕೇಳದೆ ಬಳಸಬಾರದು.

ಹೃದಯಾಘಾತವೇ ಆದಾಗ ಏನು ಎಂಬುದಕ್ಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಂದ ಓದಿಸಿ, ಬೇಕಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುತ್ತಾರೆ. ಅರಬೈಲು ಘಟ್ಟ, ದೇವಿಮನೆ ಘಟ್ಟ ಇಳಿದು ಹತ್ತಿ, ಹುಬ್ಬಳ್ಳಿ, ಮಣಿಪಾಲ, ಗೋವಾ ಸೇರುವಷ್ಟರಲ್ಲಿ ಹೊತ್ತು ಮೀರುವ ಜಿಲ್ಲೆಗೆ ಇದು ದೊಡ್ಡ ವರವೇ. ಆದರೆ ಎದೆ ಹಿಂಡಿದಾಗ ಗ್ಯಾಸು ಎಂದು ಸೋಡಾ ಕುಡಿದು ಮಲಗಿದವರಿಗೆ ಅದು ದಕ್ಕುವುದಿಲ್ಲ. ಮೊದಲ ಮೂರು ಗಂಟೆಯಲ್ಲಿ ಕೊಟ್ಟರೆ ಹೆಚ್ಚು ಫಲ. ಯಾವ ಆಸ್ಪತ್ರೆಯಲ್ಲಿ ಆ ಚುಚ್ಚುಮದ್ದು ಇದೆ, ರಾತ್ರಿ ಯಾರ ಗಾಡಿ ಸಿಗುತ್ತದೆ ಎಂಬ ಎರಡು ಸಾಲು ಪ್ರತಿ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಬರೆದಿರಲಿ.

ಕೊನೆಯದು ಲೆಕ್ಕದ ಪುಸ್ತಕ. ತಾಲ್ಲೂಕಿನ ಸರಾಸರಿಯಲ್ಲಿ ಕೇರಿ ಕಾಣಿಸುವುದಿಲ್ಲ. ಪ್ರತಿ ಕೇರಿಗೆ ನಾಲ್ಕು ಅಂಕಿ ಸಾಕು: ವಯಸ್ಸು 30 ದಾಟಿದವರು ಎಷ್ಟು, ಅಳೆದದ್ದು ಎಷ್ಟು, ಗುಳಿಗೆಯಲ್ಲಿರುವವರು ಎಷ್ಟು, ಅವರಲ್ಲಿ ಕಳೆದ ಮೂರು ತಿಂಗಳಲ್ಲಿ 140/90ರ ಕೆಳಗೆ ಇರುವವರು ಎಷ್ಟು. ನಾಲ್ಕನೆಯದನ್ನು ಬಂದವರ ಮೇಲೆ ಭಾಗಿಸದೆ ಹೆಸರು ಬರೆಸಿದ ಎಲ್ಲರ ಮೇಲೆ ಭಾಗಿಸಬೇಕು. 50 ಜನ ಹೆಸರು ಬರೆಸಿ 20 ಜನ ಬಂದು ಅವರಲ್ಲಿ 15 ಜನರ ಬಿಪಿ ಸರಿ ಇದ್ದರೆ ಸಾಧನೆ 75 ಪ್ರತಿಶತ ಎಂದು ಬರೆಯುವುದು ರೂಢಿ. ಅದು 30 ಪ್ರತಿಶತ. ಬಾರದ 30 ಜನರ ಮನೆಗೆ ಯಾರು ಹೋಗುತ್ತಾರೆ ಎಂಬುದು ಪುಸ್ತಕದಲ್ಲೇ ಹೆಸರು ಸಮೇತ ಇರಬೇಕು. ಈ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಲಿ, ವ್ಯಕ್ತಿಗಳ ಹೆಸರು ಬಿಟ್ಟು.

ಯಲ್ಲಾಪುರ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಕುಟುಂಬಗಳು ಹೆಚ್ಚಿರುವ ನಾಲ್ಕಾರು ನ್ಯಾಯಬೆಲೆ ಅಂಗಡಿಗಳಿಂದ ಇದನ್ನು ಶುರು ಮಾಡಬಹುದು. ಹೊಸ ಹುದ್ದೆ ಬೇಡ, ಹೊಸ ಕಟ್ಟಡ ಬೇಡ. ಆರೋಗ್ಯ ಇಲಾಖೆ ಮತ್ತು ಆಹಾರ ಇಲಾಖೆಗಳ ತಾಲ್ಲೂಕು ಅಧಿಕಾರಿಗಳು ಒಂದೇ ಮೇಜಿಗೆ ಕೂತು ರೇಷನ್ ದಿನಾಂಕಗಳ ಪಟ್ಟಿಯನ್ನು ಸಮುದಾಯ ಆರೋಗ್ಯ ಅಧಿಕಾರಿಗಳ ತಿರುಗಾಟದ ಪಟ್ಟಿಗೆ ಹೊಂದಿಸಬೇಕು. ಮುಂದಿನ ವರ್ಷದ ಔಷಧ ಬೇಡಿಕೆ ಬೆಂಗಳೂರಿಗೆ ಹೋಗುವ ಮುಂಚೆ ಇದಾಗಲಿ. ಇಲ್ಲವಾದರೆ ಆ 3,600 ಗುಳಿಗೆ ಬೇಡಿಕೆಯ ಪಟ್ಟಿಗೆ ಸೇರದೆ ಇನ್ನೊಂದು ವರ್ಷ ಹೋಗುತ್ತದೆ.

ಇಂತಿ,
ಶಿರಸಿ–ಯಲ್ಲಾಪುರ ಭಾಗದ ಕೆಲವು ಆರೋಗ್ಯ ಕಾರ್ಯಕರ್ತರು